ಮುತ್ತಕ್ಕ ಇಡದ ಎಲೆ

ರವಿವಾರ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತವರ ಬಾಯಿಂದ ಒಳ್ಳೆಯ ಮಾತು ಬರುವುದುಂಟೇ? ಮೆಗಾಬ್ಲಾಕ್! ಹಳಿ ರಿಪೇರಿಯ ಹೆಸರಿನಲ್ಲಿ ಅರ್ಧ ಗಾಡಿ ರದ್ದು, ಉಳಿದರ್ಧ ಯಾವಾಗ ಬರುತ್ತದೆಂದು ರೈಲ್ವೆಯವರಿಗೇ ಗೊತ್ತಿಲ್ಲ. ಹತ್ತೂ ಇಪ್ಪತ್ತಕ್ಕೆ ಬರಬೇಕಾಗಿದ್ದ ಠಾಣೆಯ ಕಡೆಯ ಗಾಡಿ ಹತ್ತೂ ಐವತ್ತಾದರೂ ಪತ್ತೆಯಿಲ್ಲ. ಪ್ಲಾಟ್‌ಫಾರ್ಮಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ರಮಿತಾ ಏಳನೆಯ ಸಲ ನಳಿನಾಕ್ಷಿಯವರ ನಂಬರು ಒತ್ತಿದಳು. ಸ್ವಿಚ್ ಆಫ್.

ಹನ್ನೆರಡರ ಒಳಗೆ ಕೋಪರಖೈರಣೆ ಮುಟ್ಟಬೇಕು. ಹನ್ನೆರಡು ದಾಟಿದರೆ ಅಲ್ಲಿ ಮೂರನೇ ಮಾಳಿಗೆಯ ಮನೆಯೊಂದರಲ್ಲಿ ನೆಲದ ಮೇಲೆ ಬಾಳೆಲೆ ಹಾಸಿ, ಆ ಮನೆಯಲ್ಲಿ ಸತ್ತವರ ಹೆಸರು ಒಂದೊಂದಾಗಿ ಕರೆದು ಬಡಿಸುತ್ತಾರೆ. ಸಾಲಿನ ಕೊನೆಗೆ ಒಂದು ಸಣ್ಣ ಎಲೆ. ಆ ಎಲೆ ಯಾರದೋ ಆಕೆ ಸತ್ತಿಲ್ಲ. ಇಂಗ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಉಸಿರಾಡುತ್ತಿದ್ದಾಳೆ, ಅಥವಾ ನಿನ್ನೆ ರಾತ್ರಿಯವರೆಗೆ ಉಸಿರಾಡುತ್ತಿದ್ದಳು. ಸತ್ತಿದ್ದಾಳೆಂದು ಆಕೆಯ ಕಡೆಯವರಿಗೆ ಕಾಗದ ಬರೆದು ಕಳಿಸಿದ ಮಹಾತಾಯಿ ಬೇರೆ ಯಾರೂ ಅಲ್ಲ, ಇದೇ ರಮಿತಾ.

ಇರಲಿ, ಮೊದಲಿನಿಂದ ಹೇಳುವುದೇ ಒಳ್ಳೆಯದು.

ಠಾಣೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಹದಿನಾರು ವರ್ಷ ದುಡಿದು ಬಿಟ್ಟ ಮೇಲೆ ರಮಿತಾ ಪರದೇಶದವರಿಗೆ ಹಳೆಯ ದಾಖಲೆ ಹುಡುಕಿಕೊಡುವ ಕೆಲಸ ಹಿಡಿದಿದ್ದಳು. ನಮ್ಮ ಮುತ್ತಜ್ಜ ಕಲ್ಯಾಣದಲ್ಲಿ ರೈಲು ಓಡಿಸುತ್ತಿದ್ದನಂತೆ, ಅವನ ಗೋರಿ ಎಲ್ಲುಂಟು ಎಂದು ಅವರು ಕೇಳುತ್ತಾರೆ. ಇವಳು ಚರ್ಚಿನ ರಿಜಿಸ್ಟರು ಬಿಡಿಸಿ, ಗೆದ್ದಲು ತಿಂದು ಉಳಿಸಿದ ಅಕ್ಷರ ಓದಿ, ಪಾಚಿ ಕೆರೆದು ಕಲ್ಲಿನ ಫೋಟೋ ತೆಗೆದು ಕಳಿಸುತ್ತಾಳೆ. 'ಸತ್ತ ಗೋರಾಗಳ ಜಾತಕ ಬರೆಯುವವಳು' ಎಂದು ಗಂಡ ದಯಾನಂದ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಾನೆ. ಮಾಡಲಿ. ಹತ್ತು ವರ್ಷದಲ್ಲಿ ಒಂದೇ ಒಂದು ವರದಿ ತಪ್ಪಿದ್ದಿಲ್ಲ ಎಂಬ ಗರ್ವ ಅವಳಿಗಿತ್ತು. ಹೌದು, ಗರ್ವವೇ.

ಈ ಮೇ ತಿಂಗಳಲ್ಲಿ ಲಂಡನ್ನಿನಿಂದ ಹೆಲೆನ್ ಎಂಬವಳ ಕಾಗದ ಬಂತು. ಆಕೆ ಮೇಬಲ್ ಥಾರ್ನ್‌ಬಿ ಎಂಬ ಲೇಖಕಿಯ ಜೀವನಚರಿತ್ರೆ ಬರೆಯುತ್ತಿದ್ದಳು. ಮೇಬಲ್‌ಗೆ ಎಂಬತ್ತೇಳು ದಾಟಿದೆ. ಮೂವತ್ತು ಕಾದಂಬರಿ ಬರೆದವಳು, ಮೂವತ್ತರಲ್ಲೂ ತಾಯಿಯಿಲ್ಲದ ಒಂದು ಹುಡುಗಿ. ಅವಳ ಕಥೆಯೂ ಅದೇ ಎಂದು ಎಲ್ಲರೂ ನಂಬಿದ್ದರು. ಸಾವಿರದ ಒಂಬೈನೂರ ಮೂವತ್ತೇಳರ ಡಿಸೆಂಬರಿನಲ್ಲಿ ಕಲ್ಯಾಣದ ರೈಲ್ವೆ ಕಾಲನಿಯಲ್ಲಿ ಹುಟ್ಟಿದ್ದು, ತಾಯಿ ಆಗ್ನೆಸ್ ಹೆರಿಗೆಯಲ್ಲೇ ತೀರಿಕೊಂಡದ್ದು, ಎಂಜಿನ್ ಡ್ರೈವರ್ ಆಗಿದ್ದ ತಂದೆ ಐದನೆಯ ವರ್ಷಕ್ಕೆ ಮಗಳನ್ನು ಇಂಗ್ಲೆಂಡಿನ ತನ್ನ ಅಕ್ಕನ ಮನೆಗೆ ಕಳಿಸಿದ್ದು. ಹೆಲೆನ್‌ಗೆ ಬೇಕಾಗಿದ್ದದ್ದು ಆಗ್ನೆಸ್‌ಳ ಗೋರಿಯ ಒಂದು ಫೋಟೋ ಮಾತ್ರ.

ಗೋರಿ ಸಿಕ್ಕಿತು. ಆದರೆ ಕಲ್ಲಿನ ಮೇಲೆ, ರಿಜಿಸ್ಟರಿನಲ್ಲಿ, ಎರಡೂ ಕಡೆ ತಾರೀಖು ಒಂದೇ: ಮೂವತ್ತಾರರ ಏಪ್ರಿಲ್. ಒಂದೂವರೆ ವರ್ಷದ ಹಿಂದೆ ಮಣ್ಣು ಸೇರಿದ ಹೆಂಗಸು ಹೆರುವುದುಂಟೇ!

ಆ ಸುದ್ದಿ ಕೇಳಿ ಮೇಬಲ್ ಮರುದಿನ, "ಹಾಗಾದರೆ ಅವಳೇ ಇರಬೇಕು" ಎಂದಳಂತೆ. ಅವಳು ಎಂದರೆ ಆಯಾ. ಹೆಸರು ಗೊತ್ತಿಲ್ಲ, ಮುಖ ನೆನಪಿಲ್ಲ. ನೆನಪಿದ್ದದ್ದು ಒಂದೇ. ಮಳೆಗಾಲದ ಒಂದು ದಿನ ಬಂಗಲೆಯ ಹಿಂದಿನ ಕೋಣೆಯಲ್ಲಿ ಆಯಾ ನೆಲದ ಮೇಲೆ ಸಾಲಾಗಿ ಎಲೆ ಹಾಸುತ್ತಿದ್ದಳು. ಎಲೆ ತುಂಬ ಬಡಿಸುತ್ತಿದ್ದಳು. ಉಣ್ಣುವವರು ಯಾರೂ ಇರುತ್ತಿರಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ತುಟಿಯ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದಳು. ಇದನ್ನು ಮೇಬಲ್ ತನ್ನ ಮೊದಲ ಪುಸ್ತಕದಲ್ಲೇ ಬರೆದಿದ್ದಳು. ಪುಸ್ತಕದ ಆ ಅಧ್ಯಾಯ ಮುಚ್ಚಿದ ಬಾಗಿಲಿಗೇ ಮುಗಿಯುತ್ತದೆ. ಒಂಟಿ ಮಗುವಿನ ಅದ್ಭುತ ಕಲ್ಪನೆ ಎಂದು ಅಲ್ಲಿನವರು ಹೊಗಳಿದ್ದೇ ಹೊಗಳಿದ್ದು.

ಓದಿದ ರಮಿತಾಳ ಕೈಯ ರೋಮ ನೆಟ್ಟಗಾಯಿತು. ಕಲ್ಪನೆಯಂತೆ, ಅದ್ಭುತವಂತೆ! ತುಳುವರು ಮಳೆಗಾಲದ ಆಟಿ ತಿಂಗಳಿನಲ್ಲಿ ಸತ್ತವರಿಗೆ ಬಡಿಸುವುದನ್ನು ಅವಳು ಹುಟ್ಟಿದಂದಿನಿಂದ ನೋಡಿದ್ದಾಳೆ. ಅವಳಮ್ಮ ಡೊಂಬಿವಲಿಯ ಚಾಳಿನ ಒಂದೇ ಕೋಣೆಯಲ್ಲಿ ಬಡಿಸಿ, ಮಕ್ಕಳನ್ನು ಹೊರಗೆ ದಬ್ಬಿ, ಸದ್ದು ಮಾಡಿದರೆ ಬೆನ್ನಿಗೆ ಬಿಡುತ್ತೇನೆಂದು ಕಣ್ಣಿನಲ್ಲೇ ಹೆದರಿಸುತ್ತಿದ್ದರು. ಮೇಬಲ್‌ಳ ಆಯಾ ಗೋವೆಯವಳಲ್ಲ, ಮದ್ರಾಸಿನವಳಲ್ಲ, ನಮ್ಮ ತುಳುನಾಡಿನವಳು!

ಆ ಕಾಲಕ್ಕೆ ಕಲ್ಯಾಣದಲ್ಲಿ ನಮ್ಮವರು ಎಷ್ಟು ಮನೆ ಇದ್ದಾರು? ರಮಿತಾ ನೆಟ್ಟಗೆ ಕಲ್ಯಾಣದ ಹೊಟೇಲು ಕಿಟ್ಟಣ್ಣನ ಹತ್ತಿರ ಹೋದಳು. ತೊಂಬತ್ತರ ಮುದುಕ, ಅವರಪ್ಪ ಲೋಕೋಶೆಡ್ಡಿನ ಪಕ್ಕ ಚಹಾದ ಅಂಗಡಿ ಇಟ್ಟಿದ್ದವರು. ಕೇಳಿದ್ದೇ ತಡ, ಹೆಸರು ಹೇಳಿಬಿಟ್ಟರು. ಮುತ್ತಕ್ಕ. ಹದಿನೆಂಟಕ್ಕೇ ಗಂಡನನ್ನು ಕಳಕೊಂಡು ಮೂಲ್ಕಿಯ ಕಡೆಯಿಂದ ಅಣ್ಣ ಗುರುವಪ್ಪನ ಜೊತೆ ಬಂದವಳು. ಅಣ್ಣ ಇವರ ಅಂಗಡಿಯಲ್ಲಿ ಕೆಲಸಕ್ಕಿದ್ದ, ತಂಗಿ ಅದೇ ಡ್ರೈವರ್ ಸಾಹೇಬನ ಬಂಗಲೆಯಲ್ಲಿ. ಯುದ್ಧ ಮುಗಿದ ಮೇಲೆ ಅವಳಿಗೆ ಎರಡನೇ ಮದುವೆಯಾಗಿ ನಳಿನಾಕ್ಷಿ ಹುಟ್ಟಿದ್ದು. ನಳಿನಾಕ್ಷಿ ಈಗ ಮಗ ವಿಶಾಲನ ಜೊತೆ ಕೋಪರಖೈರಣೆಯಲ್ಲಿ.

ಹೋದ ಸೋಮವಾರ ರಮಿತಾ ಅಲ್ಲಿಗೂ ಹೋಗಿದ್ದಳು. ನಳಿನಕ್ಕ ಉದ್ದಿನ ಹಪ್ಪಳ ಕರಿದುಕೊಟ್ಟು, ಏನೂ ಮುಚ್ಚಿಡದೆ ಹೇಳಿದ್ದರು. ಅಮ್ಮನಿಗೆ ಮೊದಲು ಒಂದು ಹೆಣ್ಣುಮಗು ಇತ್ತಂತೆ, ಸಾಹೇಬನದ್ದೇ ಎಂದು ಜನ ಆಡಿಕೊಳ್ಳುತ್ತಿದ್ದರಂತೆ, ನಲವತ್ತೆರಡರಲ್ಲಿ ಜ್ವರ ಬಂದು ಹೋಯಿತೆಂದು ಗುರುವಪ್ಪ ಮಾವ ಹೇಳುತ್ತಿದ್ದರು. ಆ ಹೆಣ್ಣಿಗೆ ಇವರು ಪ್ರತಿವರ್ಷ ಎಲೆ ಇಡುತ್ತಾರೆ. ಎಲೆ ಮಾತ್ರವಲ್ಲ, ಮದುವೆಯೂ ಮಾಡಿಸಿದ್ದಾರೆ! ಕನ್ಯೆಯಾಗಿ ಸತ್ತವಳಿಗೆ ಹಾಗೇ ಸತ್ತ ಒಬ್ಬ ಗಂಡನ್ನು ಹುಡುಕಿ, ಎರಡು ಮಣೆಯಿಟ್ಟು, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ ಇರಿಸಿ ಧಾರೆ ಎರೆಯುವುದು ನಮ್ಮಲ್ಲುಂಟು. ಸಾನಪಾಡಾದ ಒಂದು ಮನೆಯವರು ಈಗಲೂ ಬೀಗರು, ಚೌತಿಗೆ ಬಳೆ ಕಳಿಸುತ್ತಾರೆ. "ವಿಶಾಲ ಹನ್ನೆರಡು ವರ್ಷದವ ಇರುವಾಗ ಫಿಟ್ಸ್ ಬಂದು ಬಂದು ಕೈ ಬಿಟ್ಟು ಹೋದ ಹಾಗೆ ಆಗಿತ್ತು. ಊರಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ಕೇಳಿದ್ರೆ, ಮನೆಯಲ್ಲಿ ಒಂದು ಹೆಣ್ಣು ಎಲೆ ಸಿಗದೆ ಕೂತಿದೆ ಅಂತ ಬಂತು. ಎಲೆ ಇಟ್ಟದ್ದೇ ಇಟ್ಟದ್ದು, ಮತ್ತೆ ಒಂದು ದಿನ ಫಿಟ್ಸ್ ಬರ್ಲಿಲ್ಲ" ಎಂದಿದ್ದರು ನಳಿನಕ್ಕ.

ಬುಧವಾರ ರಮಿತಾ ವರದಿ ಕಳಿಸಿದಳು. ಆಯಾಳ ಮಗಳು ಕಲ್ಯಾಣದಲ್ಲೇ ತೀರಿಹೋಗಿದ್ದಾಳೆ, ಆದ್ದರಿಂದ ಮೇಬಲ್ ಆಕೆಯ ಮಗಳಾಗಿರಲು ಸಾಧ್ಯವಿಲ್ಲ. ಲಂಡನ್ನಿನ ಯಾವ ಮರಿ ಸಂಶೋಧಕನಾದರೂ ಮರಣದ ದಾಖಲೆ ಎಲ್ಲಿ ಎಂದು ಕೇಳುತ್ತಿದ್ದ. ಇವಳಿಗೆ ಅದು ಹೊಳೆಯಲೇ ಇಲ್ಲ. ಎಲೆ ಇಟ್ಟಿದ್ದಾರೆ, ಮದುವೆ ಮಾಡಿದ್ದಾರೆ, ಇನ್ನು ಯಾವ ಸರ್ಟಿಫಿಕೇಟು? ಬದುಕಿದ್ದವರಿಗೆ ಯಾರಾದರೂ ಎಲೆ ಇಡುವುದುಂಟೇ?

ಶುಕ್ರವಾರ ಹೆಲೆನ್‌ಳ ಉತ್ತರ ಬಂತು. ವರದಿ ಓದಿ ಹೇಳಿದಂದಿನಿಂದ ಮೇಬಲ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಒಂದು ಚಮಚ ಗಂಜಿಗೂ ಬಾಯಿ ತೆರೆಯುತ್ತಿಲ್ಲ. ಹೃದಯ ಸೋತಿದೆ, ಹೀಗೇ ಆದರೆ ನಾಲ್ಕೈದು ದಿನ ಎಂದು ಡಾಕ್ಟರು ಹೇಳಿದ್ದಾರೆ.

ಅದನ್ನೋದಿ ರಮಿತಾ ತನ್ನ ವರದಿ ತೆಗೆದು ಸಾಲುಸಾಲೂ ಮತ್ತೆ ಓದಿದಳು. ಆದರೂ ಏನು ಮಾಡುವುದು, ಸತ್ಯ ಸತ್ಯವೇ ಎಂದು ಸಮಾಧಾನ ಹೇಳಿಕೊಂಡಳು. ಶನಿವಾರ ಸಂಜೆ ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳೋಣವೆಂದು ಕಿಟ್ಟಣ್ಣನಿಗೆ ಫೋನು ಹಚ್ಚಿದಳು. ಮಾತಿನ ನಡುವೆ ಎಲೆಯ ವಿಷಯ ಬಂತು.

"ಎಲೆಯಾ?" ಮುದುಕನ ದನಿ ಏರಿತು. "ಆ ಹುಡುಗಿಗಾ? ಎಂತ ಹೇಳ್ತಿ ಮಾರಾಯ್ತಿ! ಮುತ್ತಕ್ಕ ಇರುವಷ್ಟು ದಿನ ಆ ಎಲೆ ಇಡ್ಲಿಕ್ಕೇ ಬಿಡ್ಲಿಲ್ಲ. ಪ್ರತಿ ಆಟಿಗೆ ಅಣ್ಣ ತಂಗಿಗೆ ಜಗಳ. ಮಗುವಿಗೊಂದು ಎಲೆ ಇಡು ಅಂತ ಅವರು, ಇಟ್ರೆ ಸೌಟಿನಲ್ಲಿ ಬಾರಿಸ್ತೇನೆ ಅಂತ ಇವಳು. ನಾನು ಕಣ್ಣಾರೆ ನೋಡಿದ್ದಲ್ವಾ!"

ರಮಿತಾ ಫೋನು ಹಿಡಿದುಕೊಂಡೇ ಕುಳಿತಳು. ಅತ್ತೆಗೆ, ಮಾವನಿಗೆ, ಹದಿನೆಂಟಕ್ಕೇ ಬಿಟ್ಟುಹೋದ ಗಂಡನಿಗೆ, ಎಲ್ಲರಿಗೂ ಎಲೆ ಇಟ್ಟವಳು ಹೆತ್ತ ಮಗುವಿಗೆ ಮಾತ್ರ ಯಾಕೆ ಇಡಲಿಲ್ಲ? ಇದಕ್ಕೆ ಉತ್ತರ ಒಂದೇ. ಅದು ಸತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ತಂಗಿಗೆ ಇನ್ನೊಂದು ಮದುವೆಯಾಗಲಿ ಎಂದು ಗುರುವಪ್ಪ ಸಾವಿನ ಸುದ್ದಿ ಹುಟ್ಟಿಸಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದಳು. ಆದರೆ ಎಲೆ ಇಡುವುದಕ್ಕೆ ಮಾತ್ರ ಒಪ್ಪಲಿಲ್ಲ.

ಕೂಡಲೇ ಹೆಲೆನ್‌ಗೆ ಬರೆದಳು. ಅತ್ತಲಿಂದ ಬಂದ ಉತ್ತರ ಕಟುವಾಗಿತ್ತು. ಇನ್ನೊಂದು 'ಇರಬಹುದು' ಎಂಬ ಮಾತನ್ನು ಆ ಜೀವಕ್ಕೆ ನಾನು ಹೇಳಲಾರೆ. ಆ ಮನೆಯವರು ತಾವೇ ಹೇಳಿದರೆ ಮಾತ್ರ ಹೇಳುತ್ತೇನೆ. ಅವಳಿಗೆ ಎಚ್ಚರವಿರುವುದು ಬೆಳಗಿನ ತಿಂಡಿಯ ಹೊತ್ತಿನಲ್ಲಿ ಅರ್ಧ ಗಂಟೆ, ನಾಳೆ ಆ ಹೊತ್ತಿಗೆ ಅವಳ ಹತ್ತಿರ ಇರುತ್ತೇನೆ. ಮುಂಬಯಿಯ ಲೆಕ್ಕಕ್ಕೆ ಅದು ಹನ್ನೆರಡೂವರೆ ಸುಮಾರು.

ನಳಿನಕ್ಕನಿಗೆ ಫೋನು ಮಾಡಿದರೆ ಎತ್ತಿದವನು ವಿಶಾಲ. ವಾಶಿಯಲ್ಲಿ ಕೊರಿಯರ್ ಆಫೀಸು ನಡೆಸುವವನು, ಇಲ್ಲೇ ಹುಟ್ಟಿ ಬೆಳೆದವನು. ಇವಳ ಮಾತು ಅರ್ಧಕ್ಕೇ ತುಂಡರಿಸಿದ. "ದೇಖೋ ಮೇಡಂ, ನಾಳೆ ಮನೆಯಲ್ಲಿ ಬಡಿಸ್ಲಿಕ್ಕೆ ಉಂಟು. ಅಮ್ಮನಿಗೆ ಬೀಪಿ. ನಮ್ಮ ಅಜ್ಜಿಯ ಹೆಸರು ಕಿತಾಬಿನಲ್ಲಿ ಹಾಕಿ ತಮಾಷಾ ಮಾಡುದು ಬೇಡ. ಫಿರ್ ಫೋನ್ ಮತ್ ಕರನಾ." ಆಮೇಲೆ ಸ್ವಿಚ್ ಆಫ್.

ಮುಂಬಯಿಯಲ್ಲಿ ಸತ್ತವರೂ ರವಿವಾರದ ರಜೆ ನೋಡಿಕೊಂಡೇ ಬರಬೇಕಷ್ಟೆ. ಆಟಿಯ ಯಾವುದಾದರೊಂದು ರವಿವಾರ ಎಂದು ನಳಿನಕ್ಕ ಹೇಳಿದ್ದರು. ಅದು ಇದೇ ರವಿವಾರ.

ಗಾಡಿ ಹನ್ನೊಂದು ಗಂಟೆ ಮೂರು ನಿಮಿಷಕ್ಕೆ ಬಂತು. ಎರಡು ಗಾಡಿಯ ಜನ ಒಂದಕ್ಕೇ ನುಗ್ಗಿದರು. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದರೂ ರಮಿತಾಗೆ ಬುದ್ಧಿ ಅಲ್ಲಿರಲಿಲ್ಲ. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಅವಳು ದಯಾನಂದನ ಜೊತೆ ಎಷ್ಟು ವಾದ ಮಾಡಿಲ್ಲ! ಆದರೂ ಈಗ ಎದೆ ಹೊಡೆದುಕೊಳ್ಳುತ್ತಿತ್ತು. ಅನ್ನ ಬಿಟ್ಟು ಮಲಗಿದ ಒಂದು ಜೀವ. ಅದನ್ನು ಸತ್ತವರ ಪಂಕ್ತಿಗೆ ಹೆಸರು ಹಿಡಿದು ಕರೆಯುವುದೆಂದರೆ? ಮುಂಬ್ರಾದ ಹತ್ತಿರ ಗಾಡಿ ನಿಂತೇಬಿಟ್ಟಿತು. ಹತ್ತು ನಿಮಿಷ. ಹದಿನೈದು. ಠಾಣೆಯಲ್ಲಿ ಸೇತುವೆ ಹತ್ತಿ ಓಡಿ ವಾಶಿಯ ಗಾಡಿ ಹಿಡಿದಳು. ಕೋಪರಖೈರಣೆಯಲ್ಲಿ ಇಳಿದಾಗ ಹನ್ನೆರಡು ಹದಿನೆಂಟು. ರಿಕ್ಷಾದವನು ಹತ್ತಿರದ ಬಾಡಿಗೆ ಬೇಡವೆಂದ. ಅವನಿಗೊಂದು ಬೈಗುಳ ಕೊಟ್ಟು ಮಳೆಯಲ್ಲೇ ನಡೆದಳು, ನಡೆದಳು ಎನ್ನುವುದಕ್ಕಿಂತ ಓಡಿದಳು.

ಮೂರನೆಯ ಮಾಳಿಗೆಯ ಮೆಟ್ಟಿಲು ಹತ್ತಿ ನೋಡಿದರೆ ಮನೆಯ ಬಾಗಿಲು ಮುಚ್ಚಿತ್ತು. ಹೊರಗೆ ಮೆಟ್ಟಿಲಿನ ಕಟ್ಟೆಗೆ ಒರಗಿ ವಿಶಾಲ ನಿಂತಿದ್ದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ನಳಿನಕ್ಕ ಕೈ ಮುಗಿದು ಕುಳಿತಿದ್ದರು. ಕೋಳಿ ಸುಕ್ಕದ ವಾಸನೆ ಬಾಗಿಲ ಸಂದಿನಿಂದ ಬರುತ್ತಿತ್ತು. ಬಡಿಸಿ ಆಗಿತ್ತು.

ಬಾಗಿಲು ಮುಚ್ಚಿದ ಮೇಲೆ ದೊಡ್ಡ ದನಿಯಲ್ಲಿ ಮಾತಾಡುವಂತಿಲ್ಲ, ಉಣ್ಣುವವರು ಬೆದರುತ್ತಾರೆ. ಆದ್ದರಿಂದ ಅಲ್ಲಿ ನಡೆದ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು.

"ಫೋನ್ ಮಾಡ್ಬೇಡಿ ಅಂದ್ರೆ ಮನೆಗೇ ಬಂದ್ರಾ?" ವಿಶಾಲ ಹಲ್ಲು ಕಚ್ಚಿದ. "ನಿಕಲೋ ಯಹಾಂ ಸೆ."

"ನಳಿನಕ್ಕ," ರಮಿತಾ ಅವನನ್ನು ದಾಟಿ ಕುರ್ಚಿಯ ಮುಂದೆ ಕುಕ್ಕರಿಸಿದಳು. ಕೂದಲಿನಿಂದ ನೀರು ಸುರಿಯುತ್ತಿತ್ತು. "ನಿಮ್ಮಮ್ಮ ಆ ಎಲೆ ಒಂದು ವರ್ಷವಾದ್ರೂ ಇಟ್ಟಿದ್ರಾ? ನೆನಪು ಮಾಡಿ ಹೇಳಿ."

ನಳಿನಕ್ಕ ಕಣ್ಣು ತೆರೆದರು. "ಇಲ್ಲ. ಅಮ್ಮ ಹೋದ ಮೇಲೆ ನಾನೇ ಇಡ್ಲಿಕ್ಕೆ ಶುರು ಮಾಡಿದ್ದು. ಅಮ್ಮನಿಗೆ ಸಂಕಟ, ಅದಕ್ಕೆ ಇಡುದಿಲ್ಲ ಅಂತ ನಾವು ತಿಳ್ಕೊಂಡದ್ದು."

"ಸಂಕಟ ಅಲ್ಲ ಅಕ್ಕ. ಮಗು ಬದುಕಿತ್ತು. ಅಪ್ಪ ಇಂಗ್ಲೆಂಡಿಗೆ ಕಳಿಸಿದ. ಈಗಲೂ ಬದುಕಿ ಉಂಟು. ನಿಮ್ಮಕ್ಕ."

 ನಳಿನಕ್ಕನ ಮುಖದಲ್ಲಿ ಬಂದದ್ದು ಸಂತೋಷವಲ್ಲ, ಹೆದರಿಕೆ. ಎದ್ದು ನಿಂತು ಮಗನ ತೋಳು ಹಿಡಿದುಕೊಂಡರು. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಮೂವತ್ತಾರು ವರ್ಷ ನಾನು ಯಾರಿಗೆ ಬಡಿಸಿದ್ದು ಮತ್ತೆ? ಮದುವೆ ಯಾರಿಗೆ ಮಾಡಿದ್ದು? ಇವ ಉಳಿದದ್ದು ಆ ಎಲೆಯಿಂದ. ಈಗ ಅದು ಸುಳ್ಳು ಅಂದ್ರೆ ಇವನಿಗೆ ಎಂತಾದ್ರೂ ಆದ್ರೆ ನೀನು ಬರ್ತಿಯಾ?"

 ಚರ್ಚಿನ ರಿಜಿಸ್ಟರಿನಲ್ಲಿ ಇದಕ್ಕೆಲ್ಲ ಉತ್ತರ ಇರುವುದಿಲ್ಲ.

"ತಪ್ಪು ನನ್ನದು ಅಕ್ಕ" ಎಂದಳು ರಮಿತಾ. "ನೀವು ಎಲೆ ಇಡ್ತೀರಿ ಅಂತ ನಾನೇ ಅಲ್ಲಿಗೆ ಬರೆದು ಹಾಕಿದೆ, ಆ ಮಗು ಸತ್ತಿದೆ, ಅವರು ಈ ಮನೆಯ ಮಗಳಲ್ಲ ಅಂತ. ಅದನ್ನು ಕೇಳಿ ಅವರು ಮೂರು ದಿನದಿಂದ ಊಟ ಬಿಟ್ಟು ಮಲಗಿದ್ದಾರೆ. ಇವತ್ತೋ ನಾಳೆಯೋ ಅಂತ ಉಂಟು. ನನ್ನ ಮಾತು ಇನ್ನು ಅಲ್ಲಿ ನಡೆಯುದಿಲ್ಲ. ನೀವು ಒಂದು ಮಾತು ಹೇಳ್ಬೇಕು."

"ಪ್ರೂಫ್ ಕ್ಯಾ ಹೈ?" ವಿಶಾಲ ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಅಷ್ಟರಲ್ಲಿ ರಮಿತಾಳ ಕೈಯಲ್ಲಿ ಫೋನು ನಡುಗಿತು. ಹೆಲೆನ್. ವೀಡಿಯೊ ಕಾಲ್. ಪರದೆಯಲ್ಲಿ ಹೆಲೆನ್‌ಳ ದಣಿದ ಮುಖ, ಆಮೇಲೆ ಒಂದು ಮಂಚ, ದಿಂಬು. ದಿಂಬಿನಲ್ಲಿ ಬಿಳಿ ಕೂದಲಿನ ಒಂದು ಸಣ್ಣ ತಲೆ, ಕಣ್ಣು ಮುಚ್ಚಿತ್ತು. ಬೇಡವೆಂದರೂ ನಳಿನಕ್ಕನ ಕಣ್ಣು ಅತ್ತ ಹೋಯಿತು. ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಬೆಳ್ಳಗಿನ ಒಬ್ಬಳು ಮುದುಕಿ. ಗುರುತು ಸಿಗಲು ಏನಿದೆ ಅದರಲ್ಲಿ?

"ಇವಳು ನಮ್ಮವಳ ಹಾಗೆ ಕಾಣುದಿಲ್ಲ" ಎಂದರು ನಳಿನಕ್ಕ.

ಹೆಲೆನ್ ಏನಾಯಿತು ಎಂದು ಕೇಳುತ್ತಿದ್ದಳು. ರಮಿತಾ ಏನು ಹೇಳಲಿ? ಹೊತ್ತು ಹನ್ನೆರಡೂ ಮುಕ್ಕಾಲು ದಾಟುತ್ತಿತ್ತು. ಆಗ ಅವಳಿಗೆ ಆ ಪುಸ್ತಕದ ಅಧ್ಯಾಯ ನೆನಪಾಯಿತು. ಅದು ಮುಗಿಯುವುದು ಮುಚ್ಚಿದ ಬಾಗಿಲಿಗೆ.

"ಅಕ್ಕ, ಅವರ ಆಯಾ ಎಲೆ ಇಟ್ಟು ಬಾಗಿಲು ಮುಚ್ಚುದನ್ನು ಅವರು ಬರೆದಿದ್ದಾರೆ. ಮುಂದಿನದ್ದು ಎಲ್ಲಿಯೂ ಬರೆದಿಲ್ಲ. ಬಾಗಿಲು ತೆಗೆಯುವ ಮೊದಲು ನಿಮ್ಮಮ್ಮ ಎಂತ ಮಾಡ್ತಿದ್ರು ಅಂತ ಕೇಳುವನಾ?"

"ಎಲ್ಲರೂ ಬಾಗಿಲು ಬಡೀತಾರೆ, ಅದ್ರಲ್ಲೇನು?" ಎಂದ ವಿಶಾಲ. ನಿಜ, ಒಳಗಿನವರು ಎದ್ದುಹೋಗಲಿ ಎಂದು ಮೂರು ಸಲ ತಟ್ಟಿಯೇ ತೆರೆಯುವುದು, ಎಲ್ಲರ ಮನೆಯಲ್ಲೂ.

ನಳಿನಕ್ಕ ಮಗನ ಕಡೆ ನೋಡಲಿಲ್ಲ. "ಕೇಳು" ಎಂದರು ರಮಿತಾಗೆ. "ಆದ್ರೆ ಬಡಿಯುದು ಅಂತ ನೀನು ಬಾಯಿ ಬಿಡ್ಬೇಡ. ಎಷ್ಟು ಸಲ ಅಂತಲೂ ಹೇಳ್ಬೇಡ."

ರಮಿತಾ ಇಂಗ್ಲಿಷಿನಲ್ಲಿ ಅಷ್ಟನ್ನೇ ಹೇಳಿದಳು. ಹೆಲೆನ್ ಅನುಮಾನಿಸಿದಳು. ಆಮೇಲೆ ಮಂಚದ ಕಡೆ ಬಾಗಿ, ದಿಂಬಿನ ಹತ್ತಿರ ಬಾಯಿಟ್ಟು, ನಿಧಾನವಾಗಿ ಕೇಳಿದಳು. ಎಲೆ ಬಡಿಸಿ ಹೊರಗೆ ನಿಂತ ಮೇಲೆ ಏನಾಗುತ್ತಿತ್ತು ಮೇಬಲ್? ಒಳಗೆ ಹೋಗುವ ಮೊದಲು ಅವಳು ಏನು ಮಾಡುತ್ತಿದ್ದಳು?

ಮುದುಕಿ ಅಲ್ಲಾಡಲಿಲ್ಲ. ಹೆಲೆನ್ ಮತ್ತೊಮ್ಮೆ ಕೇಳಿದಳು. ಅರ್ಧ ನಿಮಿಷ ಕಳೆಯಿತು. ಒಂದು ನಿಮಿಷ. ಕೆಳಗಿನ ಮಾಳಿಗೆಯಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು, ಸೀಟಿ ಬಂತು, ನಿಂತಿತು. ಹೆಲೆನ್ ಪರದೆಯಲ್ಲಿ ತಲೆ ಅಲ್ಲಾಡಿಸಿದಳು. ವಿಶಾಲ ಕೈಗಡಿಯಾರ ನೋಡಿ, "ಬಸ್, ಅಮ್ಮ. ಬಾಗಿಲು ತೆಗೆಯುವ" ಎಂದ.

ಆಗ ಮಂಚದ ಪಕ್ಕದ ಕಬ್ಬಿಣದ ಸರಳಿನ ಮೇಲೆ ಒಂದು ಕೈ ಕಂಡಿತು. ಸೂಜಿಯ ಪಟ್ಟಿ ಅಂಟಿಸಿದ, ನೀಲಿ ನರದ ಕೈ. ಬೆರಳು ಮಡಚಿಕೊಂಡಿತು.

ಟಕ್, ಟಕ್. ಎರಡು.

ಅಷ್ಟೇ. ಕೈ ಹಾಗೇ ನಿಂತಿತು. ರಮಿತಾ ಉಸಿರು ಹಿಡಿದಳು. ಅಯ್ಯೋ ಇನ್ನೊಂದು, ಇನ್ನೊಂದೇ ಒಂದು! ಎರಡಕ್ಕೇ ನಿಂತರೆ ಮುಗಿಯಿತು, ಎಲ್ಲ ಮುಗಿಯಿತು. ಅವಳು ನಳಿನಕ್ಕನ ಕಡೆ ತಿರುಗಿದಳು. ನಳಿನಕ್ಕನ ತುಟಿ ನಿಶ್ಶಬ್ದವಾಗಿ ಏನನ್ನೋ ಎಣಿಸುತ್ತಿತ್ತು.

ಟಕ್.

ನಳಿನಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಳು ತಡೆಯಲಿಕ್ಕೆ ಅದು ಸಾಕಾಗಲಿಲ್ಲ. "ಅಮ್ಮನದ್ದು" ಎಂದರು. "ಊರಿನವರೆಲ್ಲ ಮೂರೂ ಒಟ್ಟಿಗೆ ಬಡಿಯುದು. ಎರಡು ಬಡಿದು, ಉಸಿರು ಬಿಟ್ಟು, ಮತ್ತೊಂದು ಬಡಿಯುದು ನಮ್ಮಮ್ಮ ಒಬ್ಬಳೇ. ಯಾಕೆ ಅಂತ ಕೇಳಿದ್ರೆ, ಮುದುಕರು ಉಂಟಲ್ವಾ, ಎದ್ದು ಹೋಗ್ಲಿಕ್ಕೆ ಹೊತ್ತು ಬೇಡ್ವಾ ಅಂತಿದ್ಲು. ಇದು ಈ ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲ."

ವಿಶಾಲ ಕೈಗಡಿಯಾರದಿಂದ ಕಣ್ಣು ಕಿತ್ತು ಪರದೆಯ ಕಡೆ ಬಾಗಿದ. ಅಮ್ಮ ಹಾಗೇ ಬಡಿಯುವುದನ್ನು ಅವನೂ ಪ್ರತಿವರ್ಷ ಕೇಳಿದ್ದ.

ನಳಿನಕ್ಕ ಬಾಗಿಲಿಗೆ ಹೋದರು. ಎರಡು ತಟ್ಟಿದರು, ನಿಂತರು, ಇನ್ನೊಂದು ತಟ್ಟಿದರು. ಬೀಗ ತೆಗೆದು ಒಬ್ಬರೇ ಒಳಗೆ ಹೋದರು. ಹೊರಗೆ ಬಂದಾಗ ಎರಡೂ ಕೈಯಲ್ಲಿ ಸಾಲಿನ ಕೊನೆಯ ಸಣ್ಣ ಎಲೆ ಇತ್ತು. ಮಕ್ಕಳ ಎಲೆಯೆಂದು ಖಾರ ಹಾಕದೆ ನೀರುದೋಸೆ, ಮೇಲೆ ಬೆಲ್ಲ ಕಾಯಿತುರಿ ಬಡಿಸಿದ್ದರು.

"ಅಮ್ಮ" ವಿಶಾಲನ ದನಿ ಹನ್ನೆರಡು ವರ್ಷದ ಹುಡುಗನದಾಯಿತು. "ಅದು ತೆಗೆದ್ರೆ ನನಗೆ..."

"ನಿನಗೆಂತದ್ದೂ ಆಗುದಿಲ್ಲ. ಬದುಕಿದ್ದವಳ ಆಶೀರ್ವಾದ ಸತ್ತವಳದ್ದಕ್ಕಿಂತ ಕಡಿಮೆಯಾ?" ಎಂದರು ನಳಿನಕ್ಕ. ಆದರೂ ಒಮ್ಮೆ ಮಗನ ಮುಖವನ್ನು ದಿಟ್ಟಿಸಿ ನೋಡಿದರು.

"ಸಾನಪಾಡಾದ ಬೀಗರಿಗೆ ಎಂತ ಹೇಳುದು?"

"ಹುಡುಗಿ ಒಪ್ಪಲಿಲ್ಲ ಅಂತ ಹೇಳು!"

ನಕ್ಕರೋ ಅತ್ತರೋ, ಎರಡೂ ಒಟ್ಟಿಗೇ ಬಂದು ನಳಿನಕ್ಕನಿಗೆ ಕೆಮ್ಮು ಹತ್ತಿತು. ಒಳಗೆ ಹೋಗಿ, ಸತ್ತವರ ಕೋಣೆಗೆ ಬೆನ್ನು ಮಾಡಿ, ತಾವು ದಿನಾ ಊಟ ಮಾಡುವ ಮೇಜಿನ ಮೇಲೆ ಆ ಎಲೆ ಇಟ್ಟರು. ರಮಿತಾಳಿಂದ ಫೋನು ಕಿತ್ತುಕೊಂಡು ಎಲೆಯ ಎದುರಿಗೆ ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದರು. ಪರದೆಯಲ್ಲಿ ಮೇಬಲ್ ಕಣ್ಣು ತೆರೆದಿದ್ದಳು.

"ಅಕ್ಕ" ಎಂದರು ನಳಿನಕ್ಕ. ಎಪ್ಪತ್ತೊಂಬತ್ತು ವರ್ಷದಲ್ಲಿ ಹೆತ್ತಮ್ಮನ ಮಗಳನ್ನು ಆ ಹೆಸರಿನಿಂದ ಕರೆದದ್ದು ಅದೇ ಮೊದಲು. "ಅಮ್ಮ ನಿನಗೆ ಒಂದು ವರ್ಷವೂ ಎಲೆ ಇಡ್ಲಿಲ್ಲ. ಎಷ್ಟು ಹೇಳಿದ್ರೂ ಇಡ್ಲಿಲ್ಲ. ಇಟ್ಟದ್ದು ನಾನು, ನನಗೆ ಬುದ್ಧಿ ಇರ್ಲಿಲ್ಲ, ಹೊಟ್ಟೆಗೆ ಹಾಕ್ಕೋ. ಉಪವಾಸ ಮಲಗಿದ್ದು ಸಾಕು. ಏಳು, ಊಟ ಮಾಡು." ಮತ್ತೆ ರಮಿತಾಳ ಕಡೆ ತಿರುಗಿ ಗದರಿದರು. "ಬಾಯಿ ಬಿಟ್ಕೊಂಡು ಎಂತ ನೋಡ್ತಿ? ಅವಳ ಭಾಷೆಯಲ್ಲಿ ಹೇಳು!"

ರಮಿತಾ ಹೇಳಿದಳು. ಹತ್ತು ವರ್ಷದಲ್ಲಿ ನೂರಾರು ವರದಿ ಬರೆದವಳು ಆ ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಮೂರು ಸಲ ತಡವರಿಸಿದಳು. ಮೇಬಲ್ ಕೇಳಿದಳು. 'ಒಂದು ವರ್ಷವೂ ಇಡಲಿಲ್ಲ' ಎಂಬ ಮಾತು ಬಂದಾಗ ಅವಳ ಗಲ್ಲ ನಡುಗಿತು.  ಆಮೇಲೆ ಹೆಲೆನ್‌ಳ ಕಡೆ ಕಣ್ಣು ಹೊರಳಿಸಿದಳು. ಹೆಲೆನ್ ಗಡಿಬಿಡಿಯಿಂದ ಬಟ್ಟಲು ತೆಗೆದು, ಒಂದು ಚಮಚ ಗಂಜಿ ಹಿಡಿದಳು.

ನಳಿನಕ್ಕ ಎಲೆಯಿಂದ ದೋಸೆಯ ಒಂದು ಚೂರು ಮುರಿದು ಫೋನಿನ ಎದುರು ಹಿಡಿದು, "ಆಂ" ಎಂದು ತಾವೇ ಬಾಯಿ ತೆರೆದು ತೋರಿಸಿದರು.

ಮೇಬಲ್ ಬಾಯಿ ತೆರೆದಳು.

"ಸಣ್ಣ ತುತ್ತು ಕೊಡ್ಲಿಕ್ಕೆ ಹೇಳು ಮಾರಾಯ್ತಿ" ಎಂದರು ನಳಿನಕ್ಕ, ಕಣ್ಣೊರೆಸಿಕೊಳ್ಳುತ್ತ. "ಮೂರು ದಿನದ ಹೊಟ್ಟೆ ಅದು."